ಹದಿನೈದು ಗ್ರಾಂ ಬಣ್ಣ

ಮಾದರಿ ವಿಮಾನ ಹಾರಿಸುತ್ತೇನೆ ಎಂದರೆ ಆಫೀಸಿನಲ್ಲಿ ಬರುವ ಮೊದಲ ಪ್ರಶ್ನೆ, "ಡ್ರೋನಾ?" ಎರಡನೆಯದು, "ರಿಮೋಟ್ ಎಷ್ಟು ದೂರ ಕೆಲಸ ಮಾಡುತ್ತೆ?" ಡ್ರೋನೂ ಅಲ್ಲ, ರಿಮೋಟೂ ಇಲ್ಲ ಎಂದಾಗ ಅರ್ಧ ಆಸಕ್ತಿ ಇಳಿದಿರುತ್ತದೆ. ದಾರ ಕಟ್ಟಿ ಹಾರಿಸುವುದು ಎಂದರೆ ಉಳಿದರ್ಧವೂ ಹೋಗುತ್ತದೆ. ಹಾಗಾದರೆ ಗಾಳಿಪಟ ಅನ್ನಿ ಎಂದು ನಕ್ಕು ತಮ್ಮ ಸ್ಕ್ರೀನಿಗೆ ಮರಳುತ್ತಾರೆ.

ಗಾಳಿಪಟ ಅಲ್ಲ. ಇದಕ್ಕೆ ಕಂಟ್ರೋಲ್ ಲೈನ್ ಎಂದು ಹೆಸರು. ಮೈದಾನದ ನಡುವೆ ನೀವು ನಿಂತಿರುತ್ತೀರಿ, ಕೈಯಲ್ಲೊಂದು ಹಿಡಿಕೆ. ಹಿಡಿಕೆಯ ಮೇಲ್ತುದಿಯಿಂದ ಒಂದು, ಕೆಳತುದಿಯಿಂದ ಒಂದು, ಹೀಗೆ ಎರಡು ದಾರ. ನನ್ನವು 12 ಮೀಟರ್ ಉದ್ದ. ಆಚೆ ತುದಿಯಲ್ಲಿ ಅವು ವಿಮಾನದ ಎಡ ರೆಕ್ಕೆಯನ್ನು ಹೊಕ್ಕು, ಬೆಲ್‌ಕ್ರ್ಯಾಂಕ್ ಎಂಬ ತ್ರಿಕೋನದ ತುಂಡಿಗೆ ಸೇರುತ್ತವೆ. ಮಣಿಕಟ್ಟನ್ನು ಮೇಲಕ್ಕೆ ವಾಲಿಸಿದರೆ ಒಂದು ದಾರ ಸ್ವಲ್ಪ ಹಿಂದೆ ಬರುತ್ತದೆ, ಇನ್ನೊಂದು ಅಷ್ಟೇ ಮುಂದೆ ಹೋಗುತ್ತದೆ, ಬೆಲ್‌ಕ್ರ್ಯಾಂಕ್ ತಿರುಗಿ ಬಾಲದ ಎಲಿವೇಟರನ್ನು ಎತ್ತುತ್ತದೆ, ವಿಮಾನ ಏರುತ್ತದೆ. ಕೆಳಕ್ಕೆ ವಾಲಿಸಿದರೆ ಇಳಿಯುತ್ತದೆ. ಎಡ ಬಲ ಎಂಬ ಪ್ರಶ್ನೆಯೇ ಇಲ್ಲ, ಅದು ನಿಮ್ಮ ಸುತ್ತ ಅಪ್ರದಕ್ಷಿಣೆ ಹಾಕುತ್ತಲೇ ಇರುತ್ತದೆ, ನೀವೂ ಅದರ ಜೊತೆ ತಿರುಗುತ್ತಲೇ ಇರುತ್ತೀರಿ.

ಮುಂಬೈಗೆ ಇದಕ್ಕಿಂತ ಹೊಂದುವ ವಿಮಾನ ನನಗೆ ಗೊತ್ತಿಲ್ಲ. ರೇಡಿಯೊ ವಿಮಾನಕ್ಕೆ ರನ್‌ವೇ ಬೇಕು, ತೆರೆದ ಆಕಾಶ ಬೇಕು, ಅನುಮತಿ ಬೇಕು. ಇದಕ್ಕೆ 25 ಮೀಟರ್ ಅಡ್ಡಳತೆಯ ಒಂದು ವೃತ್ತ ಮತ್ತು ಅದರ ಸುತ್ತ ಸ್ವಲ್ಪ ಬಿಡುವು ಸಾಕು. ಒಂದೇ ಷರತ್ತು, ಹತ್ತಿರದಲ್ಲಿ ಎಲ್ಲೂ ವಿದ್ಯುತ್ ತಂತಿ ಇರಕೂಡದು. ದಾರ ತಗುಲಿ ಜೀವ ಹೋದ ಉದಾಹರಣೆಗಳು ಈ ಹವ್ಯಾಸದ ಇತಿಹಾಸದಲ್ಲಿವೆ, ಆ ವಿಷಯದಲ್ಲಿ ರಿಯಾಯಿತಿ ಇಲ್ಲ.

ಇದರ ಹುಟ್ಟು ಅಮೆರಿಕದ ಒರೆಗಾನ್‌ನಲ್ಲಿ. ಪೋರ್ಟ್‌ಲ್ಯಾಂಡಿನ ಜಿಮ್ ವಾಕರ್ 1940ರಲ್ಲಿ 'ಫೈರ್‌ಬಾಲ್' ಎಂಬ ಕಿಟ್ ಮಾರುಕಟ್ಟೆಗೆ ತಂದ, 1942ರಲ್ಲಿ ಪೇಟೆಂಟ್ ಪಡೆದ. ಅದೇ ರಾಜ್ಯದ ಓಬಾ ಸೇಂಟ್ ಕ್ಲೇರ್ ಎಂಬಾತ ಅದಕ್ಕೂ ಮೊದಲೇ ಇಂಥದ್ದೊಂದನ್ನು ಹಾರಿಸಿದ್ದ ಎಂಬುದು ಮುಂದೆ ಕೋರ್ಟಿನಲ್ಲಿ ಎದ್ದು ಪೇಟೆಂಟ್ ಬಿದ್ದುಹೋಯಿತು. ನಮ್ಮ ಸಾಫ್ಟ್‌ವೇರ್ ಪೇಟೆಂಟಿನ ಜಗಳಗಳನ್ನು ಕಂಡವರಿಗೆ ಇದೇನೂ ಹೊಸದಲ್ಲ. 1950ರ ದಶಕದಲ್ಲಿ ಕಾಕ್ಸ್ ಕಂಪನಿಯ 0.8 ಸಿಸಿಯ ಪುಟ್ಟ ಎಂಜಿನ್ ಬಂದ ಮೇಲೆ ಮಕ್ಕಳ ಪಾಕೆಟ್ ಮನಿಯಲ್ಲೂ ವಿಮಾನ ಹಾರತೊಡಗಿತು. ನಮ್ಮ ದೇಶದಲ್ಲಿ ಕಲ್ಕತ್ತೆಯಿಂದ ಬರುತ್ತಿದ್ದ ಅರೋರಾ ಡೀಸೆಲ್ ಎಂಜಿನ್‌ಗಳನ್ನು ಹಳಬರು ಈಗಲೂ ನೆನೆಯುತ್ತಾರೆ. ಇವತ್ತು ಇಲ್ಲಿ ಇದು ಜೀವಂತ ಇರುವುದು ಮುಖ್ಯವಾಗಿ ಎನ್‌ಸಿಸಿ ಏರ್ ವಿಂಗ್‌ನಿಂದ. ಅಖಿಲ ಭಾರತ ವಾಯು ಸೈನಿಕ ಶಿಬಿರದ ಸ್ಪರ್ಧೆಗಳಲ್ಲಿ ಕಂಟ್ರೋಲ್ ಲೈನ್ ಹಾರಾಟಕ್ಕೆ ಜಾಗವಿದೆ.

ನನಗೆ ಎನ್‌ಸಿಸಿಯ ಹಿನ್ನೆಲೆ ಇಲ್ಲ. ಪುತ್ತೂರಿನವನು, ಸುರತ್ಕಲ್‌ನಲ್ಲಿ ಎಂ.ಟೆಕ್. ಮುಗಿಸಿ ಮುಂಬೈಗೆ ಬಂದೆ. ಮುಲುಂಡ್‌ನಲ್ಲಿ ಮನೆ, ಸೇತುವೆ ದಾಟಿದರೆ ಐರೋಲಿಯಲ್ಲಿ ಆಫೀಸು. ನಮ್ಮದು ಹಳೆಯ ಸೊಸೈಟಿ: ನಾಲ್ಕು ಮಹಡಿಯ ಆರು ಕಟ್ಟಡ, ಲಿಫ್ಟ್ ಇಲ್ಲ, ನಡುವೆ ಒಂದು ಮಣ್ಣಿನ ಮೈದಾನ. ಎರಡನೇ ಮಹಡಿಯಲ್ಲಿ ಕಾರ್ಕಳ ಕಡೆಯ ಹಿರಿಯರೊಬ್ಬರಿದ್ದಾರೆ, ವಿಮಾನ ಮೆಕ್ಯಾನಿಕ್ ಆಗಿ ನಿವೃತ್ತರಾದವರು, ಈಗ 78 ವರ್ಷ. ನಾನು ಅವರನ್ನು ಮಾಮ ಎನ್ನುತ್ತೇನೆ, ಅವರು ನನ್ನನ್ನು ಮಾರಾಯ ಎನ್ನುತ್ತಾರೆ. ಮುಂಬೈಯಲ್ಲಿ ನನ್ನ ಕನ್ನಡಕ್ಕೆ ತುಕ್ಕು ಹಿಡಿಯದಿರಲು ಈ ಮಾರಾಯ ಒಂದೇ ಸಾಕಾಯಿತು.

ಮಾಮ ಹುಡುಗರಾಗಿದ್ದಾಗ ಕೆಲಸ ಕಲಿತದ್ದು ಫ್ಲೈಯಿಂಗ್ ಕ್ಲಬ್ಬೊಂದರ ಹ್ಯಾಂಗರಿನಲ್ಲಿ, ಪುಷ್ಪಕ್ ವಿಮಾನಗಳ ಮೇಲೆ. ಬೆಂಗಳೂರಿನ ಎಚ್‌ಎಎಲ್ ತಯಾರಿಸಿದ, 1958ರಲ್ಲಿ ಮೊದಲು ಹಾರಿದ ಎರಡು ಸೀಟಿನ ಪುಷ್ಪಕ್ ದೇಶದ ಎಷ್ಟೋ ಪೈಲಟ್‌ಗಳ ಮೊದಲ ಪಾಠಶಾಲೆ. ಅದರ ಮೈ ಬಟ್ಟೆಯದು. ಚೌಕಟ್ಟಿನ ಮೇಲೆ ಬಟ್ಟೆ ಹೊದಿಸಿ, ಹೊಲಿದು, ಮೇಲೆ ಡೋಪ್ ಎಂಬ ದ್ರಾವಣ ಬಳಿಯಬೇಕು. ಅದು ಒಣಗುತ್ತಾ ಬಟ್ಟೆಯನ್ನು ಬಿಗಿಯುತ್ತದೆ, ರಂಧ್ರ ಮುಚ್ಚುತ್ತದೆ, ಬೆರಳಲ್ಲಿ ಬಡಿದರೆ ಮೃದಂಗದ ಹಾಗೆ ನುಡಿಯಬೇಕು. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಂಚೆ ಹೊತ್ತು ಜುಹುವಿನಲ್ಲಿ ಇಳಿಸಿದ ಪುಸ್ ಮಾತ್ ವಿಮಾನದ ಮೈಯೂ ಇದೇ ರೀತಿಯದು. ಬಟ್ಟೆ ಮತ್ತು ಡೋಪ್. ಮಾಮ ಮುಂದೆ ಜೆಟ್ ವಿಮಾನಗಳ ಮೇಲೆ ಮೂವತ್ತು ವರ್ಷ ಕೆಲಸ ಮಾಡಿದರು, ಆದರೆ ಮಾತಿಗೆ ಕೂತರೆ ಬರುವುದು ಆ ಬಟ್ಟೆಯ ರೆಕ್ಕೆ.

ಮೂರು ವರ್ಷದ ಹಿಂದೆ ಒಂದು ಭಾನುವಾರ ಅವರ ಮನೆಯ ಅಟ್ಟದಿಂದ ಒಂದು ಪೆಟ್ಟಿಗೆ ಇಳಿಸಿಕೊಡಲು ಹೋದವನು ನಾನು. ಒಳಗೆ ಹಳೆಯ ಹಿಡಿಕೆ, ಎರಡು ಬೆಲ್‌ಕ್ರ್ಯಾಂಕ್, ಬಣ್ಣ ಒಣಗಿದ ಬ್ರಷ್‌ಗಳು, ಗೆದ್ದಲು ತಿಂದ ಒಂದು ರೆಕ್ಕೆ. ಅಲ್ಲಿಂದ ಶುರುವಾಯಿತು.

ಕಟ್ಟುವ ಕೆಲಸ ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಅದು ನಿಜಕ್ಕೂ ಬೇಗ ಮುಗಿಯುತ್ತದೆ. ಮರ ಬಾಲ್ಸಾ, ಈಕ್ವೆಡಾರ್‌ನಿಂದ ಬರುವಂಥದ್ದು. ಕೊಳ್ಳುವಾಗ ಅಂಗಡಿಗೆ ತಕ್ಕಡಿ ಒಯ್ಯಬೇಕು: 3 ಇಂಚು ಅಗಲ, 3 ಅಡಿ ಉದ್ದ, ಒಂದೂವರೆ ಮಿಲಿಮೀಟರ್ ದಪ್ಪದ ಎರಡು ಹಲಗೆ ನೋಡಲು ಅವಳಿ, ಆದರೆ ಒಂದು 11 ಗ್ರಾಂ ತೂಗಿದರೆ ಇನ್ನೊಂದು 22 ತೂಗಬಹುದು. ಹಗುರವಾದದ್ದು ರೆಕ್ಕೆಗೆ, ಭಾರದ್ದು ದೇಹಕ್ಕೆ. ನಮ್ಮ ವಿಮಾನದ ದೇಹ ಪೆಟ್ಟಿಗೆಯಂತಲ್ಲ, ಒಂದು ಚಪ್ಪಟೆ ಹಲಗೆ, ಪಕ್ಕದಿಂದ ನೋಡಿದರೆ ಮಾತ್ರ ವಿಮಾನ. ರೆಕ್ಕೆ 60 ಸೆಂಟಿಮೀಟರ್. ಬಲ ರೆಕ್ಕೆಯ ತುದಿಯಲ್ಲಿ ಒಂದು ರೂಪಾಯಿ ನಾಣ್ಯ ಹುದುಗಿಸುತ್ತೇವೆ, ಎಡಗಡೆ ದಾರದ ಭಾರಕ್ಕೆ ಸಮ ಮಾಡಲು. ಮೋಟರಿನ ಮೂಗನ್ನೂ ಬಾಲದ ಚುಕ್ಕಾಣಿಯನ್ನೂ ವೃತ್ತದ ಹೊರಕ್ಕೆ ತುಸು ತಿರುಗಿಸುತ್ತೇವೆ. ವಿಮಾನ ಯಾವಾಗಲೂ ನಿಮ್ಮಿಂದ ದೂರ ಹೋಗಲು ಹವಣಿಸುತ್ತಿರಬೇಕು. ದಾರ ಸಡಿಲಾಯಿತೋ, ಎಲಿವೇಟರ್ ನಿಮ್ಮ ಮಾತು ಕೇಳುವುದಿಲ್ಲ.

ಎಂಜಿನ್ ಬದಲು ಬ್ಯಾಟರಿ, ಮೋಟರ್. ಇದಕ್ಕೆ ಕಾರಣವಿದೆ. ಗ್ಲೋ ಎಂಜಿನ್ನಿನ ಇಂಧನವೆಂದರೆ ಮೆಥನಾಲ್ ಮತ್ತು ಹರಳೆಣ್ಣೆ. ಹರಳೆಣ್ಣೆ ಸರಿ, ನಮ್ಮ ಅಜ್ಜಿಯಂದಿರು ತಲೆಗೆ ತಿಕ್ಕಿದ್ದು. ಮೆಥನಾಲ್ ಹಾಗಲ್ಲ. 2015ರ ಜೂನ್‌ನಲ್ಲಿ ಇದೇ ಮುಂಬೈಯ ಮಾಲವಣಿಯಲ್ಲಿ ಮೆಥನಾಲ್ ಬೆರೆತ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಅಂಥದ್ದರ ಕ್ಯಾನನ್ನು ನಾಲ್ಕು ವರ್ಷದ ಮಗಳಿರುವ ಮನೆಯಲ್ಲಿ ಇಡುವ ಆಸೆ ನನಗಿಲ್ಲ. ಮೋಟರನ್ನು 90 ಸೆಕೆಂಡಿಗೆ ನಿಲ್ಲಿಸುವ ಟೈಮರ್ ಲ್ಯಾಮಿಂಗ್ಟನ್ ರೋಡಿನಲ್ಲಿ ಕೊಂಡ ಪುಟ್ಟ ಚಿಪ್, ಅದರ ಕೋಡ್ ನನ್ನದು. ಮಾಮನ ಸಾಮ್ರಾಜ್ಯದಲ್ಲಿ ನನಗೆ ಸಿಕ್ಕ ಏಕೈಕ ಜಹಗೀರು ಅದು.

ಈಗ ಮುಖ್ಯ ವಿಷಯ, ಫಿನಿಶಿಂಗ್. ಎರಡು ವಾರಾಂತ್ಯದಲ್ಲಿ ಕಟ್ಟಿದ ವಿಮಾನಕ್ಕೆ ಫಿನಿಶಿಂಗ್ ಎರಡು ತಿಂಗಳು ತಿನ್ನುತ್ತದೆ. ಹೊಸಬರು ಇದನ್ನು ಅಲಂಕಾರ ಎಂದುಕೊಳ್ಳುತ್ತಾರೆ. ಮಾಮನಿಗೆ ಅದು ಲೆಕ್ಕ. ಮರ ಮತ್ತು ಅಂಟು 81 ಗ್ರಾಂ, ಬ್ಯಾಟರಿ 27, ಮೋಟರ್ 25, ಚಕ್ರ, ತಂತಿ ಮತ್ತು ಆ ನಾಣ್ಯ ಸೇರಿ 16, ಬೆಲ್‌ಕ್ರ್ಯಾಂಕ್ ಮತ್ತು ಅದರ ಸರಳುಗಳು 11, ಸ್ಪೀಡ್ ಕಂಟ್ರೋಲರ್ 8, ಟೈಮರ್ 5. ಒಟ್ಟು 173. ಫಿನಿಶಿಂಗ್‌ಗೆ 15 ಗ್ರಾಂ, ಅದರ ಮೇಲೆ ಒಂದು ಚಿಟಿಕೆಯೂ ಇಲ್ಲ. ಹೆಚ್ಚಾದ ಪ್ರತಿ ಗ್ರಾಂ ಬಾಲದ ಕಡೆ ಕೂತರೆ ಗುರುತ್ವಕೇಂದ್ರ ಹಿಂದೆ ಸರಿಯುತ್ತದೆ. ಅದನ್ನು ಸರಿಮಾಡಲು ಮೂಗಿಗೆ ಸೀಸ ಸೇರಿಸಬೇಕು. ಸೀಸ ಸೇರಿದರೆ ಇಳಿಯುವ ವೇಗ ಹೆಚ್ಚುತ್ತದೆ. ನಮ್ಮ ಮೈದಾನದ ಗುಂಡಿಗಳಲ್ಲಿ ಚಕ್ರ ಮುರಿಯುತ್ತದೆ. ಬಾಲದ ಮೇಲಿನ ಒಂದು ಕೋಟ್ ಪೈಂಟಿನಿಂದ ಮುರಿದ ಚಕ್ರದವರೆಗೆ ಮಾಮ ಹೀಗೆ ಒಂದೇ ಉಸಿರಿನಲ್ಲಿ ಹೋಗುತ್ತಾರೆ. ಡಿಬಗ್ಗಿಂಗ್ ಕಲಿಸುವವರು ಇಷ್ಟು ಚೆನ್ನಾಗಿ ಹೇಳಿದ್ದನ್ನು ನಾನು ಕೇಳಿಲ್ಲ.

ಡೋಪ್ ಇಲ್ಲಿ ಬಿಡಿಯಾಗಿ ಸಿಗುವುದು ಕಷ್ಟ. ಮಾಮನ ಉಪಾಯ ಸರಳ: ಬಡಗಿಗಳು ಬಾಗಿಲು, ಕಪಾಟಿಗೆ ಹೊಡೆಯುವ ಎನ್‌ಸಿ ಸೀಲರ್ ಮತ್ತು ಎನ್‌ಸಿ ಲ್ಯಾಕರ್. ಎನ್‌ಸಿ ಎಂದರೆ ನೈಟ್ರೊಸೆಲ್ಯುಲೋಸ್, ಹಳೆಯ ಡೋಪಿನ ಮೂಲವಸ್ತುವೂ ಅದೇ. ಯಾವ ಗಲ್ಲಿಯ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ. ಒಂದೇ ದೋಷ, ಲ್ಯಾಕರ್ ಒಣಗಿದ ಮೇಲೆ ಗಡುಸು, ಬಾಗಿದರೆ ಬಿರುಕು ಬಿಡುತ್ತದೆ. ಅದಕ್ಕೆ 100 ಮಿಲಿಲೀಟರಿಗೆ ಐದಾರು ಹನಿ ಹರಳೆಣ್ಣೆ. ಇಂಧನದಲ್ಲಿ ಬೇಡ ಎಂದು ಬಿಟ್ಟ ಹರಳೆಣ್ಣೆ ಬಣ್ಣದ ಬಾಗಿಲಿನಿಂದ ಒಳಗೆ ಬಂತು.

ಮೊದಲು ಉಜ್ಜುವುದು. 180 ನಂಬರಿನ ಪಾಲಿಶ್ ಪೇಪರಿನಿಂದ ಶುರುಮಾಡಿ 320, 400. ಬೆರಳಲ್ಲಿ ಹಿಡಿದು ಉಜ್ಜಿದರೆ ಬೆರಳಿನಷ್ಟೇ ಹಳ್ಳ ಬೀಳುತ್ತದೆ, ಆದ್ದರಿಂದ ಪೇಪರನ್ನು ಮರದ ತುಂಡಿಗೆ ಅಂಟಿಸಬೇಕು. ಆಮೇಲೆ ಅರ್ಧಕ್ಕರ್ಧ ಥಿನ್ನರ್ ಬೆರೆಸಿದ ಸೀಲರ್ ಒಂದು ಕೋಟ್. ಮರದ ಎಳೆಗಳು ಕೋಳಿಯ ಮೈಯಂತೆ ಎದ್ದು ನಿಲ್ಲುತ್ತವೆ. ಅದನ್ನು ಉಜ್ಜಿ, ಎರಡನೇ ಕೋಟಿಗೆ ಮುಖಕ್ಕೆ ಹಚ್ಚುವ ಟಾಲ್ಕಂ ಪೌಡರ್ ಬೆರೆಸಬೇಕು. ಪೌಡರ್ ಮರದ ರಂಧ್ರಗಳಲ್ಲಿ ಕೂರುತ್ತದೆ, ಉಳಿದದ್ದನ್ನು ಉಜ್ಜಿ ತೆಗೆಯುತ್ತೇವೆ. ಹಚ್ಚಿದ್ದು 6 ಗ್ರಾಂ ಎಂದರೆ 4 ಗ್ರಾಂ ಧೂಳಾಗಿ ಹೋಗಬೇಕು ಎಂಬುದು ನಿಯಮ. ಸೀಲರಿನ ಕೆಲಸವೆಲ್ಲ ಟೆರೇಸಿನಲ್ಲಿ, ಗಾಳಿ ಆಡುವಲ್ಲಿ, ಮೂಗಿಗೆ ಮಾಸ್ಕ್ ಕಟ್ಟಿ. ಥಿನ್ನರಿನ ವಾಸನೆ ತಲೆಗೆ ಏರುತ್ತದೆ, ಬೆಂಕಿ ಕಂಡರೆ ಸಾಕು ಹತ್ತಿಕೊಳ್ಳುತ್ತದೆ. ಮನೆಯೊಳಗೆ ಡಬ್ಬಿ ತೆರೆದರೆ ನನ್ನ ಹೆಂಡತಿ ವಿಮಾನದ ಜೊತೆ ನನ್ನನ್ನೂ ಹೊರಗೆ ಹಾಕುವವಳು, ಅದು ನ್ಯಾಯವೇ.

ರೆಕ್ಕೆಗೆ ಕಾಗದ ಹೊದಿಸುತ್ತೇವೆ. ವಿದೇಶದವರು ಜಪಾನಿ ಟಿಶ್ಯೂ ಬಳಸುತ್ತಾರೆ. ನಮಗೆ ಡೋಂಗ್ರಿಯ ಗಾಳಿಪಟದ ಅಂಗಡಿಗಳಿವೆ. ಸಂಕ್ರಾಂತಿಯ ಹೊತ್ತಿಗೆ ಅಲ್ಲಿ ಯಾವ ಬಣ್ಣ ಕೇಳಿದರೂ ಉಂಟು. ಬಣ್ಣದ ಕಾಗದವೇ ಬಣ್ಣವಾದರೆ ಪೈಂಟ್ ಬೇಕಿಲ್ಲ, ತೂಕ ಉಳಿಯಿತು. ಆದರೆ ಗಾಳಿಪಟದ ಕಾಗದಕ್ಕೆ ನೀರು ಸೋಕಿದರೆ ಬಣ್ಣ ಬಿಡುತ್ತದೆ, ಆದ್ದರಿಂದ ಒಣಗಿರುವಂತೆಯೇ ಹಾಸಿ, ಮೇಲಿಂದ ತೆಳು ಲ್ಯಾಕರ್ ಇಳಿಸಬೇಕು. ಒಂದು ಮಗ್ಗುಲಿಗೆ ಬಳಿದ ಕೂಡಲೇ ಇನ್ನೊಂದಕ್ಕೂ ಬಳಿಯಬೇಕು, ಇಲ್ಲದಿದ್ದರೆ ಒಂದೇ ಕಡೆ ಬಿಗಿದು ರೆಕ್ಕೆ ಹಪ್ಪಳದ ಹಾಗೆ ತಿರುಚುತ್ತದೆ. ರಾತ್ರಿಯಿಡೀ ದಪ್ಪ ಗಾಜಿನ ಮೇಲೆ ಒತ್ತಿಟ್ಟರೆ ನೇರ ನಿಲ್ಲುತ್ತದೆ.

ಮುಂಬೈಯ ಅಸಲಿ ಪಾಠ ಮಳೆಗಾಲದ್ದು. ಜುಲೈಯಲ್ಲಿ ಮಾಮ ಒಂದು ಬಾಲ್ಸಾ ಚೂರಿಗೆ ಲ್ಯಾಕರ್ ಬಳಿದು ನನ್ನ ಮುಂದಿಟ್ಟರು. ಎರಡೇ ನಿಮಿಷ, ಮೇಲ್ಮೈಯೆಲ್ಲ ಬೂದಿ ಬಳಿದ ಹಾಗೆ ಬಿಳುಪೇರಿತು. ಥಿನ್ನರ್ ಆವಿಯಾಗುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅಲ್ಲೇ ಹನಿಗಟ್ಟಿ ಪದರದೊಳಗೆ ಸಿಕ್ಕಿಕೊಳ್ಳುತ್ತದೆ. ಪುಷ್ಪಕ್ ದಿನಗಳಲ್ಲೂ ಮಳೆಗಾಲಕ್ಕೆ ಡೋಪಿನ ಕೆಲಸ ನಿಲ್ಲಿಸುತ್ತಿದ್ದರಂತೆ. "ಗಡಿಬಿಡಿ ಉಂಟಾ ನಿಂಗೆ? ದೀಪಾವಳಿ ಆಗ್ಲಿ ಮಾರಾಯ" ಎಂದರು. ಎರಡು ವಾರದ ಸ್ಪ್ರಿಂಟ್‌ಗಳಲ್ಲಿ ಬದುಕುವ ನನ್ನಂಥವನಿಗೆ ನಾಲ್ಕು ತಿಂಗಳು ಸುಮ್ಮನೆ ಕಾಯುವುದು ಹೊಸ ಅನುಭವ. ಈಗ ನಮ್ಮ ಪಂಚಾಂಗವೇ ಬೇರೆ: ಜೂನ್‌ನಿಂದ ಸೆಪ್ಟೆಂಬರ್ ಕಟ್ಟುವುದು, ನವೆಂಬರ್, ಡಿಸೆಂಬರ್ ಬಳಿಯುವುದು, ಜನವರಿಯಿಂದ ಹಾರಿಸುವುದು.

ಮಳೆಗಾಲದಲ್ಲಿ ಇನ್ನೊಂದು ಗೊತ್ತಾಯಿತು. ಬರಿಮರದ ರೆಕ್ಕೆಯೊಂದನ್ನು ನಾನು ಫೆಬ್ರವರಿಯಲ್ಲಿ ತೂಗಿದ್ದೆ, 40 ಗ್ರಾಂ. ಅದೇ ರೆಕ್ಕೆ ಜುಲೈಯಲ್ಲಿ 43. ಬಾಲ್ಸಾ ತೇವ ಕುಡಿದಿತ್ತು. ಎಂಜಿನ್ ವಿಮಾನದಲ್ಲಿ ಫಿನಿಶಿಂಗ್ ಮುಖ್ಯವಾಗಿ ಇಂಧನದಿಂದ ರಕ್ಷಣೆಗೆ, ಎಣ್ಣೆ ಕುಡಿದ ಮರ ಮೆತ್ತಗಾಗಿ ಕೀಲು ಬಿಡುತ್ತದೆ. ಬ್ಯಾಟರಿ ವಿಮಾನಕ್ಕೆ ಆ ಭಯವಿಲ್ಲ, ಹಾಗಾದರೆ ಬಣ್ಣವೇ ಯಾಕೆ ಎಂದು ನಾನು ವಾದಿಸುತ್ತಿದ್ದ ದಿನಗಳವು. ತಕ್ಕಡಿ ಉತ್ತರ ಕೊಟ್ಟಿತು: ಈ ಊರಿನಲ್ಲಿ ಗಾಳಿಯೇ ಇಂಧನ. ಆದರೆ ಇಂಧನ ತಡೆಯುವಷ್ಟು ದಪ್ಪ ಪದರ ಬೇಕಿಲ್ಲ ಎಂಬುದನ್ನು ಮಾಮನೂ ಒಪ್ಪಿದರು. 25 ಗ್ರಾಂ ಇದ್ದ ಅವರ ಹಳೆಯ ಲೆಕ್ಕ 15ಕ್ಕೆ ಇಳಿದದ್ದು ಹೀಗೆ.

ಕನ್ನಡಿಯಂತೆ ಹೊಳೆಯುವ ವಿಮಾನಗಳನ್ನು ವಿಡಿಯೋಗಳಲ್ಲಿ ನೋಡುತ್ತೇನೆ. ಅಮೆರಿಕದ ಏರೋಬ್ಯಾಟಿಕ್ಸ್ ಸ್ಪರ್ಧೆಯಲ್ಲಿ ಅಂದಕ್ಕೆಂದೇ 20 ಅಂಕದವರೆಗೆ ಇದೆ, ಅಲ್ಲಿ ಅದು ಸರಿ. ನನಗೆ ಮರದ ಎಳೆ ಕಾಣುವ, ಬೆಳಕಿಗೆ ಹಿಡಿದರೆ ರೆಕ್ಕೆಯೊಳಗಿನ ಪಕ್ಕೆಲುಬುಗಳ ನೆರಳು ಮೂಡುವ ವಿಮಾನವೇ ಇಷ್ಟ.

ಇನ್ನು ಹಾರಾಟ. ಭಾನುವಾರ ಬೆಳಿಗ್ಗೆ ಆರೂವರೆಗೆ, ಕ್ರಿಕೆಟ್ ಹುಡುಗರು ಏಳುವ ಮುಂಚೆ. ಸೊಸೈಟಿಯ ಕಾರ್ಯದರ್ಶಿಯ ಲಿಖಿತ ಒಪ್ಪಿಗೆ ಕಿಸೆಯಲ್ಲಿರುತ್ತದೆ. ಮುಂಬೈ ಪೊಲೀಸರು ಡ್ರೋನ್, ಪ್ಯಾರಾಗ್ಲೈಡರ್, ರಿಮೋಟ್ ವಿಮಾನಗಳ ಮೇಲೆ ಆಗಾಗ ನಿಷೇಧಾಜ್ಞೆ ಹೊರಡಿಸುತ್ತಾರೆ, ಅಂಥ ದಿನಗಳಲ್ಲಿ ನಾವು ಪೆಟ್ಟಿಗೆ ತೆರೆಯುವುದೇ ಇಲ್ಲ. ದಾರ ಕಟ್ಟಿದ್ದು ಎಂದು ರಸ್ತೆಯಲ್ಲಿ ನಿಂತು ವಾದಿಸುವ ಬದಲು ಮನೆಯಲ್ಲಿ ಕೂತು ಪಾಲಿಶ್ ಪೇಪರ್ ಉಜ್ಜುವುದು ಮೇಲು. ಹಾರಿಸುವ ಮುನ್ನ ಪ್ರತಿ ಸಲ ದಾರವನ್ನು ಎಳೆದು ಪರೀಕ್ಷೆ, ವಿಮಾನದ ತೂಕದ ಹತ್ತು ಪಟ್ಟು, ಅಂದರೆ ಸುಮಾರು ಎರಡು ಕಿಲೋ. ಹಿಡಿಕೆಗೊಂದು ಪಟ್ಟಿ ಇದೆ, ಮಣಿಕಟ್ಟಿಗೆ ಸುತ್ತಿಕೊಳ್ಳಲೇಬೇಕು.

ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಒಂದು ಸುತ್ತಿಗೆ ನಾಲ್ಕು ಸೆಕೆಂಡೂ ಹಿಡಿಯುವುದಿಲ್ಲ. ವಿಮಾನ ಕೈಯನ್ನು ಅರ್ಧ ಕಿಲೋಗಿಂತ ಹೆಚ್ಚಿನ ಬಲದಲ್ಲಿ ಎಳೆಯುತ್ತಿರುತ್ತದೆ. 90 ಸೆಕೆಂಡಿನಲ್ಲಿ 24 ಸುತ್ತು. ಕಣ್ಣು ವಿಮಾನದ ಮೇಲೇ ಇದ್ದರೆ ತಲೆ ಸುತ್ತುವುದಿಲ್ಲ, ಹಿನ್ನೆಲೆಯ ಕಟ್ಟಡ ನೋಡಿದಿರೋ ಕೆಟ್ಟಿತು. ಬಾಲ್ಕನಿಗಳಲ್ಲಿ ಚಹಾ ಲೋಟ ಹಿಡಿದ ಜನ, ಹಲ್ಲುಜ್ಜುವ ಮಕ್ಕಳು. ರೇಡಿಯೊ ವಿಮಾನ ಹಾರಿಸುವ ಗೆಳೆಯರಿಗೆ ನಾನು ಹೇಳುವುದು ಒಂದೇ: ನಿಮಗೆ ವಿಮಾನ ಕಾಣುತ್ತದೆ, ನಮಗೆ ಕೈಗೆ ಗೊತ್ತಾಗುತ್ತದೆ. ಗಾಳಿಯ ಒಂದು ಸಣ್ಣ ಏಟು ಬಿದ್ದರೂ ಮೊದಲು ತಿಳಿಯುವುದು ಬೆರಳಿಗೆ.

ಮಾಮ ಈಗ ಹಿಡಿಕೆ ಹಿಡಿಯುವುದಿಲ್ಲ. ಕೈ ನಡುಗುತ್ತದೆ, ಎಲಿವೇಟರಿಗೆ ನಡುಕ ಯಾವುದು, ಆಜ್ಞೆ ಯಾವುದು ಗೊತ್ತಾಗುವುದಿಲ್ಲ. ವಿಚಿತ್ರವೆಂದರೆ ಬ್ರಷ್ ಹಿಡಿದಾಗ ಅದೇ ಕೈ ಸ್ತಬ್ಧ. ಅವರ ಪಾಲಿನ ಕೆಲಸ ವೃತ್ತದ ಅಂಚಿನಲ್ಲಿ ವಿಮಾನ ಹಿಡಿದು ಬಿಡುವುದು. ನನ್ನ ಜೊತೆ ಇನ್ನೊಬ್ಬಳು ಹಾರಿಸುತ್ತಾಳೆ, ಮೂರನೇ ಮಹಡಿಯ ಮರಾಠಿ ಹುಡುಗಿ, ಕಾಲೇಜಿನಲ್ಲಿ ಎನ್‌ಸಿಸಿ ಏರ್ ವಿಂಗ್ ಕೆಡೆಟ್. ವಾಯು ಸೈನಿಕ ಶಿಬಿರದ ಆಯ್ಕೆಗೆ ತಯಾರಾಗುತ್ತಿದ್ದಾಳೆ. ಅವಳು ಮಾಮನನ್ನು ಆಜೋಬಾ ಎನ್ನುತ್ತಾಳೆ, ಅವರ ಮರಾಠಿಗೆ ಕಾರ್ಕಳದ ರಾಗವಿದೆ, ಇಬ್ಬರಿಗೂ ತೊಂದರೆಯಿಲ್ಲ.

ಇಷ್ಟರಲ್ಲಿ ಸೊಸೈಟಿ ರೀಡೆವಲಪ್‌ಮೆಂಟ್‌ಗೆ ಒಪ್ಪಿತು. ಮುಂಬೈಯಲ್ಲಿ ಇರುವವರಿಗೆ ಈ ಪದ ಬಿಡಿಸಿ ಹೇಳಬೇಕಿಲ್ಲ. ಮಾರ್ಚ್ ಕೊನೆಗೆ ಎಲ್ಲರೂ ಮನೆ ಖಾಲಿ ಮಾಡಬೇಕು, ಮೂರು ವರ್ಷ ಬಾಡಿಗೆ ಮನೆ, ಆಮೇಲೆ ದೊಡ್ಡ ಫ್ಲ್ಯಾಟ್, ಲಿಫ್ಟ್, ಜಿಮ್. ನಕ್ಷೆಯಲ್ಲಿ ನಮ್ಮ ಮೈದಾನ ಇರುವಲ್ಲಿ ಪಾರ್ಕಿಂಗ್ ಪೋಡಿಯಂ. ನಾನೂ ಸಹಿ ಹಾಕಿದವರಲ್ಲಿ ಒಬ್ಬ. ಮಳೆಗಾಲದಲ್ಲಿ ಛಾವಣಿಯಿಂದ ಮಗಳ ಹಾಸಿಗೆ ಮೇಲೆ ನೀರು ತೊಟ್ಟಿಕ್ಕುವ ಕಟ್ಟಡ ಇದು, ವಿಮಾನದ ಸಲುವಾಗಿ ಉಳಿಯಲಿ ಎನ್ನಲಾರೆ. ಮಾಮನೂ ಸಹಿ ಹಾಕಿದರು. ಅವರು ಬೆಂಗಳೂರಿನ ಮಗನ ಮನೆಗೆ ಹೋಗುತ್ತಾರೆ. ಮೂರು ವರ್ಷದ ಮೇಲೆ ಬರುತ್ತೀರಲ್ಲ ಎಂದಿದ್ದಕ್ಕೆ, "ಎಪ್ಪತ್ತೆಂಟಕ್ಕೆ ಮೂರು ಕೂಡಿಸು. ನಿಂಗೆ ಲೆಕ್ಕ ಬರ್ತದಲ್ಲ" ಎಂದು ಪಾಲಿಶ್ ಪೇಪರ್ ಮಡಚಿದರು.

ಹಾಗಾಗಿ ಈ ವರ್ಷದ ಪಂಚಾಂಗ ತುಸು ಬಿಗಿ. ಹುಡುಗಿಗೆ ಅಭ್ಯಾಸಕ್ಕೆ ಅವಳದೇ ವಿಮಾನ ಬೇಕು, ಮೈದಾನ ಇರುವಾಗಲೇ ಅದು ಹಾರಬೇಕು, ಮಾಮ ಇರುವಾಗಲೇ ಅವಳು ಬಳಿಯಲು ಕಲಿಯಬೇಕು. ಮಳೆಗಾಲದಲ್ಲಿ ಕಟ್ಟಿದ್ದೆವು. ದೀಪಾವಳಿಗೆ ಮೊದಲು ಒಂದು ಹನಿ ಲ್ಯಾಕರ್ ಮುಟ್ಟಲು ಈ ಬಾರಿಯೂ ಮಾಮ ಬಿಡಲಿಲ್ಲ. ನವೆಂಬರ್‌ನಿಂದ ಪ್ರತಿ ಸಂಜೆ ಟೆರೇಸಿನಲ್ಲಿ ಅವಳು, ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವರು. ಬ್ರಷ್ ಒಂದೇ ದಿಕ್ಕಿಗೆ, ಎಳೆದಲ್ಲೇ ಮತ್ತೆ ಎಳೆಯಬಾರದು, ಮುಗಿಯುವಾಗ ಅಂಚಿನಾಚೆಗೆ ಹಾರಿಸಿಬಿಡಬೇಕು. ನನಗೆ ಎರಡು ಚಳಿಗಾಲ ಹಿಡಿದದ್ದು ಅವಳಿಗೆ ಮೂರು ವಾರದಲ್ಲಿ ಬಂತು.

ಜನವರಿಯ ಎರಡನೇ ಭಾನುವಾರ ತೂಗಿದೆವು. ಅಕ್ಕಸಾಲಿಗರು ಬಳಸುವಂಥ, ಗ್ರಾಂನ ಹತ್ತನೇ ಒಂದರಷ್ಟು ತೋರಿಸುವ ಪುಟ್ಟ ತಕ್ಕಡಿಯಲ್ಲಿ 188.0. ರೆಕ್ಕೆ ಡೋಂಗ್ರಿಯ ಹಳದಿ, ತುದಿಗಳಲ್ಲಿ ಕೆಂಪು. ಒಂದು ಹನಿಯಷ್ಟೂ ಇನ್ನು ಬೇಡ ಎಂದು ಮಾಮ ಡಬ್ಬಿ ಮುಚ್ಚಿದರು. ಹುಡುಗಿ ಏನೋ ಹೇಳಲು ಹಿಂಜರಿದಳು. ಕಪ್ಪು ಬಣ್ಣದಲ್ಲಿ ಎಡ ರೆಕ್ಕೆಯ ಮೇಲೆ ಹೆಸರು ಬರೆಯಬೇಕಂತೆ. ತನ್ನದಲ್ಲ, ಆಜೋಬಾದು.

ಮಾಮ ಸ್ವಲ್ಪ ಹೊತ್ತು ತಕ್ಕಡಿಯನ್ನೇ ನೋಡಿದರು. ಆಮೇಲೆ ಡಬ್ಬಿಯ ಮುಚ್ಚಳ ತೆಗೆದು, ಅತಿ ಸಣ್ಣ ಬ್ರಷ್ ಆರಿಸಿ ಅವಳ ಕೈಗೆ ಕೊಟ್ಟರು. ಒಣಗಿದ ಮೇಲೆ ಮತ್ತೆ ತೂಗಿದಾಗ 188.3.